ಪಾರ್ಕಿನಲ್ಲಿ ಹರವಿದ ಶಾವಿಗೆ

ಮುನ್ನಿ ಬೀಯ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ತಗಡಿನ ಚಪ್ಪರ, ಅಷ್ಟೇ. ಹುಮನಾಬಾದಿನ ಹೊರಗೆ, ಮಾಣಿಕನಗರದ ಕಡೆಯ ಆ ಬಡಾವಣೆಯಲ್ಲಿ ಜಾಗ ನೋಡಿದಾಗ ಅಂಗಳವೇ ಇಲ್ಲವಲ್ಲ ಎಂದು ಗಂಡ ಗೌಸ ಮೂಗು ಮುರಿದಿದ್ದ. ಎದುರಿಗೇ ಪಾರ್ಕ್ ಬರುತ್ತದೆಂದು ಅವನನ್ನು ಒಪ್ಪಿಸಿದವಳು ಇವಳು. ನಕಾಶೆಯಲ್ಲಿ ಹಸಿರು ಬಣ್ಣ ತೋರಿಸಿ ಇವಳನ್ನು ಒಪ್ಪಿಸಿದವನು ಬಡಾವಣೆಯ ಮಾಲೀಕ ಮಹಾರುದ್ರಪ್ಪ. ಹನ್ನೆರಡು ವರ್ಷವಾಯಿತು, ಆ ಮಹಾನುಭಾವ ಒಂದು ಗಿಡ ನೆಟ್ಟಿದ್ದರೆ ಕೇಳಿ! ಒಂದು ಸಿಮೆಂಟಿನ ಬೆಂಚು, ಒಂದು ಕೈಪಂಪು, ಮಿಕ್ಕಿದ್ದೆಲ್ಲ ಕೆಂಪು ಮಣ್ಣು. ಆದರೂ ಸುತ್ತಲಿನ ಹೆಂಗಸರಿಗೆ ಅದೇ ಅಂಗಳ. ಕೌದಿ ಹೊಲಿಯುವುದು ಅಲ್ಲಿ, ಹಪ್ಪಳ ಒಣಗಿಸುವುದು ಅಲ್ಲಿ, ಸೊಸೆಯರ ಮೇಲೆ ದೂರು ಹೇಳುವುದೂ ಅಲ್ಲೇ.

ಅಂಥ ಜಾಗದಲ್ಲಿ ಮೇ ತಿಂಗಳ ಒಂದು ಗುರುವಾರ ಸುಣ್ಣದ ಗೆರೆ ಬಿತ್ತು. ಮಹಾರುದ್ರಪ್ಪ ನಾಲ್ಕು ಸೈಟು ಮಾಡಿ ಮಾರುತ್ತಾನಂತೆ! ಪಕ್ಕದ ಮನೆಯ ಸುಮನಬಾಯಿ, ಮೂವತ್ತು ವರ್ಷ ಅಂಗನವಾಡಿಯಲ್ಲಿ ದುಡಿದವಳು, ಅರ್ಜಿ ಹಿಡಿದು ಪುರಸಭೆಯ ಕಚೇರಿಗೆ ಓಡಿದಳು. ಸೋಮವಾರ ಅಧಿಕಾರಿ ಬಂದು ಅಳೆಯುತ್ತಾರೆಂಬ ಉತ್ತರ ತಂದಳು.

"ಅಲ್ಲೀತನಕ ಆತ ಸುಮ್ಮ ಕೂಡ್ತಾನೇನ್ರಿ ಆಪಾ? ನಾಳೆನೇ ಗ್ವಾಡಿ ಎಬ್ಬಸ್ತಾನ. ಎದ್ದ ಗ್ವಾಡಿ ಕೆಡವೋರು ಯಾರು?"

ಮುನ್ನಿ ಬೀಗೆ ಮೈಯೆಲ್ಲ ಉರಿಯಿತು. "ಹ್ಯಾಂಗ ಎಬ್ಬಸ್ತಾನ ನೋಡೂಣು. ನಿಮ್ಮ ಮನ್ಯಾಗ ರವಾ ಎಷ್ಟದ?"

ಈ ಉಸಾಬರಿ ನಮಗ್ಯಾಕೆ ಎಂದು ಗೌಸ ಗೊಣಗಿದ. "ಅಂಗಳ ನಂದು. ನನಗಲ್ದ ಇನ್ಯಾರಿಗೆ?" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು.

ಶುಕ್ರವಾರ ಬೆಳಿಗ್ಗೆ ಜೆಸಿಬಿ ಬಂದಾಗ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಬಡಾವಣೆಯ ಮನೆಮನೆಯ ಹೊರಸು ಮಂಚಗಳೂ ಅಲ್ಲಿದ್ದವು. ಮೇಲೆ ಹಳೆಯ ಸೀರೆ, ಸೀರೆಯ ತುಂಬ ಎಳೆ ಎಳೆ ಶಾವಿಗೆ. ನಿರ್ಣಾ ಊರಿನ ಜೆಸಿಬಿ ಚಾಲಕ ಗಾಡಿ ಬಂದ್ ಮಾಡಿ ಕೆಳಗಿಳಿದ.

"ತಿನ್ನೋ ಅನ್ನದ ಮ್ಯಾಲ ಗಾಡಿ ಹಾಯಸಾಕ ನನ್ನಿಂದ ಆಗಂಗಿಲ್ರಿ."

ಮಹಾರುದ್ರಪ್ಪ ಕೆಂಡವಾದ. "ಏ ಮುನ್ನಿ ಬೀ, ಎತ್ತಸು ಇವನ್ನೆಲ್ಲಾ!"

"ಹಸಿ ಅದಾವ್ರಿ ಸಾವ್ಕಾರ್ರ. ಎತ್ತಿದ್ರ ಗಂಟು ಬೀಳ್ತಾವ."

"ಒಣಗಾಕ ಎಷ್ಟೊತ್ತು ಬೇಕು?"

ಮುನ್ನಿ ಬೀ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೀವಮಾನದಲ್ಲಿ ಒಂದು ಕಪ್ಪು ಚಹಾವನ್ನೂ ತಾನೇ ಮಾಡಿಕೊಂಡು ಕುಡಿದ ಆಸಾಮಿಯಲ್ಲ.

"ಮೂರು ದಿನಾರಿ," ಎಂದಳು, ರೆಪ್ಪೆ ಬಡಿಯದೆ.

ಸುಮನಬಾಯಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಪೊಲೀಸರನ್ನ ಕರಸ್ತೀನಿ!"

"ಕರಸ್ರಿ. ಅವ್ರಿಗೂ ಹಾಲು-ಶಾವಿಗಿ ಮಾಡಿ ಹಾಕ್ತೀವಿ, ನಕಾಶೆನೂ ತೋರಸ್ತೀವಿ."

ನಕಾಶೆ ಎಂದ ಕೂಡಲೇ ಮಹಾರುದ್ರಪ್ಪನ ದನಿ ಇಳಿಯಿತು. ಹೆಂಗಸರ ಬಾಯಿಗೆ ಯಾರು ಬೀಳುತ್ತಾರೆ ಎಂದು ಬೈಯುತ್ತ ಹೋದ. ಶನಿವಾರ ಬಂದ, ನೋಡಿದ, ಹೋದ. ಭಾನುವಾರವೂ ಬಂದ. "ಇನ್ನೂ ಹಸಿ ಅದಾವ್ರಿ," ಎಂದು ಕೊಡೆಗಳ ಕೆಳಗಿನಿಂದ ಹೆಂಗಸರು ಹೇಳಿದರು.

ಸೋಮವಾರ ಟೇಪು ಹಿಡಿದು ಅಧಿಕಾರಿ ಬಂದರು, ಹಿಂದೆಯೇ ಮಹಾರುದ್ರಪ್ಪನೂ ಬಂದ. "ಅಮ್ಮಾ, ಅಳೀಬೇಕಲ್ಲ. ಇವನ್ನ ಸ್ವಲ್ಪ ಎತ್ತೋಕಾಗುತ್ತಾ?"

"ಯಾಕಾಗಲ್ರಿ ಸಾಹೇಬ್ರ!"

ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹೊರಸುಗಳೆಲ್ಲ ರಸ್ತೆಯ ಬದಿಗೆ ಹೋದವು. ಅಧಿಕಾರಿ ಅಳೆದರು, ನಕಾಶೆ ತಾಳೆ ನೋಡಿದರು, ಇದು ಪಾರ್ಕಿನ ಜಾಗ, ಮಾರುವಂತಿಲ್ಲ ಎಂದು ಎಲ್ಲರೆದುರೇ ಬರೆದು ಸಹಿ ಹಾಕಿದರು.

ಮಹಾರುದ್ರಪ್ಪ ಹತ್ತಿರದ ಹೊರಸಿನಿಂದ ಒಂದು ಎಳೆ ಎತ್ತಿದ. ಅದು ಬೆರಳಲ್ಲಿ ಟಕ್ಕನೆ ಮುರಿಯಿತು.

"ಇದು ಯಾವಾಗ ಒಣಗಿದ್ದು?"

"ಶುಕ್ರವಾರ ಮಧ್ಯಾಹ್ನಾನೇರಿ, ಸಾವ್ಕಾರ್ರ," ಎಂದಳು ಮುನ್ನಿ ಬೀ.