ಬಾಯಿ ಬಿಟ್ಟ ಸೈಲೆನ್ಸರ್

ಹೆಣ್ಣಿಗಾಗಿ ದನ ಕೊಡುವ ತೆರದ ಮಾತುಕತೆಗೆ ಗಂಡು ಬರಕೂಡದು. ಅವನ ಪರವಾಗಿ ಹಿರಿಯರು ಹೋಗಬೇಕು, ಅವನು ಮನೆಯಲ್ಲಿ ತೆಪ್ಪಗೆ ಕೂತಿರಬೇಕು. ದಕ್ಷಿಣ ಆಫ್ರಿಕಾದ ನಮ್ಮ ಸೊವೆಟೊದಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ಅಕ್ಕನ ಮಗ ಲಿಂಡಾನಿ ಒಬ್ಬನಿಗೆ ಮಾತ್ರ ಗೊತ್ತಿಲ್ಲ, ಕತ್ತೆ!

ಮಾತುಕತೆ ಗೊತ್ತಾದ ವಾರವೇ ಅವನು ತನ್ನ ಹಳೆಯ ಚೌಕ ಮೂತಿಯ ಕಾರಿನ ಸೈಲೆನ್ಸರ್ ಡಬ್ಬಿ ಕತ್ತರಿಸಿ ಬಿಸಾಕಿ, ಇಂಜಿನ್ನಿನಿಂದ ಹಿಂಬದಿಯವರೆಗೆ ದಪ್ಪನೆಯ ನೇರ ಪೈಪು ಬೆಸುಗೆ ಹಾಕಿಸಿದ್ದ.

“ಹೊಗೆ ಸಲೀಸಾಗಿ ಹೊರಗೆ ಹೋದ್ರೆ ಪಿಕಪ್ ಜಾಸ್ತಿ ಆಗುತ್ತೆ ಮಾಮಾ. ಇಂಜಿನ್ನು ಈಗ ಉಸಿರಾಡ್ತಿದೆ!”

“ಉಸಿರಾಡ್ತಿಲ್ಲ ಕಣೋ, ಅರಚ್ತಿದೆ. ನಾಳೆ ಹುಡುಗಿ ಮನೆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ.”

“ನಿಮ್ಮಾಣೆ ಬರಲ್ಲ. ತೋಕೊ ಸಿಗದಿದ್ರೆ ನಾನು ಸತ್ತೇ ಹೋಗ್ತೀನಿ ಮಾಮಾ.”

ಮರುದಿನ ಬೆಳಿಗ್ಗೆ ನಾನೂ ಇನ್ನಿಬ್ಬರು ಹಿರಿಯರೂ ತೋಕೊಳ ಮನೆಯ ಗೇಟಿನ ಮುಂದೆ ನಿಂತು, ಪದ್ಧತಿಯಂತೆ ಅವರ ಮಬಾಸೊ ಕುಲದ ಹಿರಿಯರನ್ನು ಒಬ್ಬೊಬ್ಬರಾಗಿ ಹೊಗಳಿ ಕೂಗಿದೆವು. ನನ್ನ ಗಂಟಲು ಬಿದ್ದುಹೋದ ಮೇಲೆಯೇ ಪುಣ್ಯಾತ್ಮರು ಒಳಗೆ ಬಿಟ್ಟದ್ದು. ಎದುರಿಗೆ ಹುಡುಗಿಯ ದೊಡ್ಡಪ್ಪ, ಪಕ್ಕದಲ್ಲಿ ಅವಳ ಸೋದರತ್ತೆ.

“ನಮ್ಮ ಹುಡುಗ ಬಲು ಸಾಧು,” ಎಂದೆ. “ಮನೇಲಿ ಇದ್ದಾನೋ ಇಲ್ವೋ ಅನ್ನೋದೇ ಗೊತ್ತಾಗಲ್ಲ.”

ಅಷ್ಟರಲ್ಲಿ ಹಿಂದಿನ ಬೀದಿಯಿಂದ ಘರ್ರ್ರ್... ಢಂ! ಟೀ ಕಪ್ಪುಗಳು ಕಟಕಟ ಎಂದವು. ತಡೆಯಲಾರದೆ ಬಂದೇಬಿಟ್ಟಿದ್ದ, ಹಾಳಾದವನು!

“ಯಾರ್ರೀ ಅದು?” ಎಂದರು ದೊಡ್ಡಪ್ಪ.

“ಯಾರೋ ಪೋಲಿ. ನಾವು ಅವನ ಮುಖಾನೂ ನೋಡಿಲ್ಲ. ಅಂಥವನಿಗೆ ಯಾರು ಹೆಣ್ಣು ಕೊಡ್ತಾರೆ, ಹೇಳಿ!”

ಸೋದರತ್ತೆ ಕಪ್ಪಿನೊಳಗೇ ಮುಗುಳ್ನಕ್ಕಳು. ತೆರಕ್ಕೆ ಎಷ್ಟು ದನ ಎಂಬ ಮಾತು ಮುಗಿಯಿತು. ಕೊನೆಗೆ ಹೆಗಲಿಗೆ ಕಂಬಳಿ ಹೊದ್ದ ತೋಕೊಳನ್ನು ಕರೆತಂದರು. ಅವಳು ತಲೆ ತಗ್ಗಿಸಿ ಮಂಡಿಯೂರಿದಳು. ಬಂದವರು ಗೊತ್ತು ಎಂದು ಅವಳ ಬಾಯಿಂದಲೇ ಬರಬೇಕು. ಗೊತ್ತಿಲ್ಲ ಎಂದರೆ ಮದುವೆಯೇ ಇಲ್ಲ.

“ಇವರು ನಿನಗೆ ಗೊತ್ತೇನಮ್ಮ?”

“ಹೊರಗಿರೋ ಕಾರು ಯಾರದು ಅಂತ ಇವರಿಗೆ ಗೊತ್ತಾ, ದೊಡ್ಡಪ್ಪ?”

“ಗೊತ್ತಿಲ್ವಂತೆ. ಯಾರೋ ಪೋಲಿಯಂತೆ.”

“ಹಾಗಾದ್ರೆ ಇವರು ಯಾರೋ ನನಗೂ ಗೊತ್ತಿಲ್ಲ.”

ನಮ್ಮ ಬೆನ್ನ ಹಿಂದೆ ಗೇಟು ಧಡಾರನೆ ಮುಚ್ಚಿತು. ಬೀದಿಯ ತಿರುವಿನಲ್ಲಿ ಲಿಂಡಾನಿಯ ಕಾರು ನಿಂತಿತ್ತು. ನಮ್ಮನ್ನು ಕಂಡು ಅವನು ಕಿಟಕಿಯಿಂದ ತಲೆ ಹೊರಹಾಕಿದ.

“ಮಾಮಾ, ಕೊಡಲ್ಲ ಅಂದ್ರಾ?”

“ಬಾರೋ ಮಹರಾಯ, ಗೇಟಿಗೆ ತಂದು ನಿಲ್ಲಿಸು. ಮತ್ತೆ ಮೊದಲಿಂದ ಕೂಗಬೇಕು, ನನ್ನ ಗಂಟಲಲ್ಲಿ ಸ್ವರ ಇಲ್ಲ. ನನ್ನ ಬದಲು ನಿನ್ನ ಕಾರೇ ಕೂಗಲಿ, ಆಕ್ಸಿಲರೇಟರ್ ತುಳಿ!”

ಅವನು ತುಳಿದ. ಬೀದಿಯ ನಾಯಿಗಳೆಲ್ಲ ಎದ್ದು ಓಡಿದವು. “ಇವನು ನಮ್ಮವನೇ! ನಮ್ಮ ಹುಡುಗ!” ಎಂದು ನಾನು ಒಡಕು ದನಿಯಲ್ಲಿ ಕೂಗಿದೆ. ಒಳಗೆ ತೋಕೊ ಕಿಸಕ್ಕನೆ ನಕ್ಕದ್ದು ಕೇಳಿಸಿತು.

“ಈಗ ಗೊತ್ತಾಯ್ತು, ದೊಡ್ಡಪ್ಪ!”

ಗೇಟು ತೆರೆಯಿತು. ನಮಗೆ ಒಂದು ಆಡು ದಂಡ ಹಾಕಿದರು. ಅವನ ಸದ್ದಿಗಲ್ಲ, ನನ್ನ ಸುಳ್ಳಿಗೆ.