ಗಾಜಿಗೆ ಎರಡು ಏಟು

ನಾನು ಒಂದು ಇಕ್ಕಳ. ಚಿತ್ರದುರ್ಗದ ತಗಡು ಕೆಲಸದವನೊಬ್ಬ ಕಬ್ಬಿಣದ ಪಟ್ಟಿಯನ್ನು ನಡುವೆ ಬಗ್ಗಿಸಿ, ತುದಿಗೆ ಹಲ್ಲು ಕೊಯ್ದು ನನ್ನನ್ನು ಲೋಕಕ್ಕೆ ತಂದ. ಹುಟ್ಟಿದ ವಾರದಲ್ಲೇ ವರದರಾಜ ಅಯ್ಯಂಗಾರರ ಬೇಕರಿ ಸೇರಿದೆ.

ಅಲ್ಲಿ ನಾನು ಹೆಚ್ಚು ಎತ್ತಿದ್ದು ದಿಲ್‌ಪಸಂದ್. ಹೊರಗೆ ಕೆಂಪಗೆ ಬೆಂದ ಪದರ, ಒಳಗೆ ಸಕ್ಕರೆ ಬೆರೆಸಿದ ಕೊಬ್ಬರಿ, ಟೂಟಿ ಫ್ರೂಟಿ. ದಿಲ್ ಎಂದರೆ ಹೃದಯ, ಪಸಂದ್ ಎಂದರೆ ಮೆಚ್ಚಿದ್ದು. "ಯಾರೋ ಉರ್ದು ಮಾತಾಡೋ ಗಿರಾಕಿ ತಿಂದು ಹೊಗಳಿರ್ಬೇಕು, ನಮ್ಮೋರು ಅದನ್ನೇ ಹಿಡ್ಕೊಂಡ್ರು" ಎನ್ನುತ್ತಿದ್ದರು ಅಯ್ಯಂಗಾರರು. ಅವರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಅವರಿಗೆ ವಯಸ್ಸಾದ ಮೇಲೆ ಮಗಳು ವೇದವಲ್ಲಿ ವ್ಯಾಪಾರಕ್ಕೆ ನಿಂತಳು. ಎದುರಿನ ಕಾಲೇಜು ಹುಡುಗರ ಬಾಯಲ್ಲಿ ಮೊದಮೊದಲು ದಿಲ್‌ಪಸಂದ್ ಎಂದರೆ ಮನಸ್ಸು ಕದ್ದ ಹುಡುಗಿ. ಆರೇ ತಿಂಗಳಲ್ಲಿ ಯಾರು ಕರೆದರೂ ಬರುವ ಹುಡುಗಿ ಎಂದಾಯಿತು. "ದಿಲ್‌ಪಸಂದ್ ಇದ್ಯಾ?" ಎಂದು ಅವಳ ಮುಖ ನೋಡಿ ಕಿಸಕ್ಕನೆ ನಗುತ್ತಿದ್ದರು. ಹೊಳಲ್ಕೆರೆಯಿಂದ ಹೆಣ್ಣು ನೋಡಲು ಬಂದವರಿಗೆ ಬೇಕರಿ ಬಾಗಿಲಲ್ಲೇ ಆ ಹುಡುಗರಲ್ಲೊಬ್ಬ, "ದಿಲ್‌ಪಸಂದ್ ನೋಡಕ್ಕೆ ಬಂದ್ರಾ ಸಾರ್?" ಎಂದ. ಗಂಡಿನ ತಂದೆ ಅದರ ಅರ್ಥ ವಿಚಾರಿಸಿದರು. ಸಂಬಂಧ ಮುರಿದುಬಿತ್ತು. ವೇದವಲ್ಲಿ ಅಳಲಿಲ್ಲ. ಮರುದಿನ ಎಂದಿನಂತೆ ನನ್ನನ್ನು ಕೈಗೆತ್ತಿಕೊಂಡಳು.

ಆಮೇಲೆ ಆ ಹೆಸರು ಅವಳ ಬಾಯಿಂದ ಬರಲಿಲ್ಲ. ಆ ತಿಂಡಿಯನ್ನು ತೋರಿಸಬೇಕಾದರೆ ನನ್ನಿಂದ ಬೀರುವಿನ ಗಾಜಿಗೆ ಎರಡು ಏಟು ಬಡಿಯುತ್ತಿದ್ದಳು. ಗಿರಾಕಿಗಳೂ ಬೆರಳಿನಿಂದ ಹಾಗೆಯೇ ಬಡಿದು ಕೇಳುವುದನ್ನು ಕಲಿತರು. ಅಯ್ಯಂಗಾರರು ತೀರಿಕೊಂಡರು. ಬೇರೆ ಸಂಬಂಧ ಕೂಡಿಬರಲಿಲ್ಲ. ಅವಳ ಕೂದಲು ನರೆಯಿತು, ನನ್ನ ಹಲ್ಲು ಸವೆದವು.

ಕಳೆದ ಶ್ರಾವಣದಲ್ಲಿ ಬೋಳುತಲೆಯವರೊಬ್ಬರು ಬಂದರು. "ಅವತ್ತು ಬಾಗ್ಲಲ್ಲಿ ಹಾಗಂದೋನು ನಾನೇ. ತಪ್ಪಾಯ್ತಮ್ಮ" ಎಂದರು.

ಈಗಲಾದರೂ ಅತ್ತಾಳು, ಇಲ್ಲವೇ ನನ್ನಿಂದಲೇ ಅವರ ಬೋಳುತಲೆಗೆ ಒಂದು ಬಿಟ್ಟಾಳು ಎಂದು ಕಾದೆ. ಅವಳ ಮುಖದಲ್ಲಿ ಏನೂ ಇರಲಿಲ್ಲ.

"ಏನು ಬೇಕಿತ್ತು, ಹೇಳಿ."

ಅವರು ಬಾಯಿ ತೆರೆದರು. ಹೆಸರು ಹೊರಡಲಿಲ್ಲ. ಬೆರಳೆತ್ತಿ ಗಾಜಿಗೆ ಮೆಲ್ಲಗೆ ಎರಡು ಸಲ ಬಡಿದರು. ಅವಳು ಒಂದನ್ನು ಕಟ್ಟಿ ಕೊಟ್ಟು ಮುಂದಿನ ಗಿರಾಕಿಯತ್ತ ತಿರುಗಿದಳು.

ಈಗ ನನ್ನ ಹಿಡಿತ ಸಡಿಲ. ಸ್ಟೀಲಿನ ಹೊಸ ಇಕ್ಕಳ ಬಂದಿದೆ. ನಾನು ಡ್ರಾಯರಿನಲ್ಲಿ ಹುಟ್ಟುಹಬ್ಬದ ಮೇಣದಬತ್ತಿಗಳ ಜೊತೆ ಬಿದ್ದುಕೊಂಡು, ಮೇಲಿನ ಟಕ್ ಟಕ್ ಕೇಳುತ್ತಿರುತ್ತೇನೆ. ಊರಿಗೆಲ್ಲ ದಿಲ್‌ಪಸಂದ್ ಎತ್ತಿ ಕೊಟ್ಟವನು ನಾನು. ವೇದವಲ್ಲಿಗೆ ಒಂದು ಚೂರಾದರೂ ಕೊಟ್ಟ ನೆನಪಿಲ್ಲ.