ತೀರ್ಥದ ಬಟ್ಟಲಿನ ತಳದಲ್ಲಿ

ಆ ಶನಿವಾರ ಮಾರುತಿ ಗುಡಿಯಲ್ಲಿ ಆರತಿ ಎರಡು ಸಲ ಆಯಿತು. ಮೊದಲನೆಯದು ಮುಗಿದು, ಜನ ತೀರ್ಥಕ್ಕೆಂದು ಅಂಗೈ ಚಾಚಿ ನಿಂತಿದ್ದಾಗ ಪೂಜಾರಿ ಕೃಷ್ಣಾಜಿಯವರು ಮತ್ತೆ ಕರ್ಪೂರ ಹಚ್ಚಿದರು. ಗುಡಿಯ ಮುಂದೆ ಹೂ ಮಾರುವ ಯಲ್ಲವ್ವ ಬಾಯಿ ಕಟ್ಟಲಾರದೆ, “ಇವತ್ತ ಮಾರುತಪ್ಪಗ ಲಾಭ ಆತು ನೋಡ್ರಿ, ಒಂದಕ್ಕ ಎರಡು!” ಎಂದಳು.

ಜನ ನಕ್ಕರು. ಕೃಷ್ಣಾಜಿಯವರೂ ನಕ್ಕರು. ಕಂಬದ ಹತ್ತಿರ ಕುಳಿತಿದ್ದ ಅವರ ಹೆಂಡತಿ ಭಾಗೀರಥಿಬಾಯಿಗೆ ಮಾತ್ರ ನಗು ಬರಲಿಲ್ಲ.

ಸಂಪಗಾಂವದ ಹತ್ತಿರದ ಸಣ್ಣ ಊರು ಅದು. ಅಲ್ಲಿ ಕೃಷ್ಣಾಜಿಯವರೆಂದರೆ ನೆನಪಿನ ಉಗ್ರಾಣ. ಯಾರ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದೆ, ಯಾರ ಎಮ್ಮೆ ಯಾವ ಸಂತೆಯಲ್ಲಿ ಕೊಂಡದ್ದು, ಎಲ್ಲವೂ ಅವರಿಗೆ ಗೊತ್ತು. ಆದರೆ ಈಚೆಗೆ ಅವರು ಹೇಳಿದ ಮಂತ್ರವನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ತಲೆ ಸಿಡಿಯುತ್ತದೆ ಎನ್ನುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುಡಿ ಕೂರುತ್ತಿದ್ದರು. ಬಲಗೈ ಮಣಿಕಟ್ಟಿನಲ್ಲಿ ಜೋತು ಬಿದ್ದು, ಗಂಟೆ ಬಾರಿಸುವುದೂ ಕಷ್ಟವಾಗಿತ್ತು. ಯಾರಿಗೂ ಗದರದ ಮನುಷ್ಯ, ಒಂದು ದಿನ ಹೂ ಬಾಡಿದೆಯೆಂದು ಯಲ್ಲವ್ವನ ಬುಟ್ಟಿಯನ್ನೇ ತಳ್ಳಿಬಿಟ್ಟರು. ಯಲ್ಲವ್ವ ಸಿಟ್ಟಾಗಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಬಂದು, ಹಸಿ ಬಾಳೆಲೆಯಲ್ಲಿ ಸುತ್ತಿದ ಹೂ ಕೊಟ್ಟು, “ನಿನ್ನಿವು ಖರೇನ ಬಾಡಿದ್ವು ಬಿಡ್ರಿ ಆಚಾರ್ರ” ಎಂದಳು.

ಬೈಲಹೊಂಗಲದ ಡಾಕ್ಟರು ಪರೀಕ್ಷಿಸಿ, ತಲೆಯೊಳಗೆ ಗಡ್ಡೆ ಇರಬಹುದೇನೋ ಎಂದರು. ಮುಂಬೈಯಲ್ಲಿ ಮಗ ಪಾಂಡುರಂಗ ಇದ್ದ. ಅಲ್ಲಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಮೆದುಳಿನ ಫೋಟೋ ತೆಗೆಯುವ ಯಂತ್ರ ಆಗ ಹೊಸದಾಗಿ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಹೊರಟರು.

ಯಂತ್ರ ದೊಡ್ಡ ಉಂಗುರದಂತೆ ಇತ್ತು. ಕೃಷ್ಣಾಜಿಯವರು ಅದರೊಳಗೆ ತಲೆಯಿಟ್ಟು, ಅಲುಗಾಡದೆ ಮಲಗಿದರು. ಆಮೇಲೆ ಅಲ್ಲಿಯ ಡಾಕ್ಟರು ಕರಿ ಹಾಳೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬದನೆಕಾಯಿಯನ್ನು ಅಡ್ಡಕ್ಕೆ ಹೆಚ್ಚಿ ಹೋಳು ಹೋಳಾಗಿ ಹರವಿದಂತೆ ಮೆದುಳು ಕಾಣುತ್ತಿತ್ತು.

ಭಾಗೀರಥಿಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮಗನ ಕಿವಿಯಲ್ಲಿ ಕೇಳಿದರು: “ಇದರಾಗ ನಮ್ಮ ನೆನಪೂ ಕಾಣಸ್ತದೇನೋ?”

“ಇಲ್ಲವ್ವ, ಗಡ್ಡಿ ಇದ್ರ ಅಷ್ಟ ಕಾಣಸ್ತದ.”

ಗಡ್ಡೆ ಇರಲಿಲ್ಲ. ಡಾಕ್ಟರು ಮರಾಠಿಯಲ್ಲಿ, “ರಕ್ತವನ್ನೂ ತಪಾಸಣೆ ಮಾಡಿಸಬೇಕು, ಮತ್ತೆ ಬನ್ನಿ” ಎಂದೂ ಹೇಳಿದರು. ಆದರೆ ಗಡ್ಡೆ ಇಲ್ಲ ಎಂಬ ಮಾತಿನ ಸಂತೋಷದಲ್ಲಿ ಮುಂದಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಪೇಢೆ ಹಂಚಿದರು. ಒಂದು ತಿಂಗಳು ಮಗನ ಮನೆಯಲ್ಲಿ ಇದ್ದರು. ಅಲ್ಲಿ ಹೊಟ್ಟೆನೋವು ಇಳಿಯಿತು, ಊಟ ಸೇರಿತು. ಕೃಷ್ಣಾಜಿಯವರು ನೆರೆಮನೆಯವರಿಗೆಲ್ಲ ಊರಿನ ಕಥೆ ಹೇಳಿ ನಗಿಸಿದರು. ಸರಿ, ಫೋಟೋ ಶುದ್ಧವಾಗಿದೆ, ಮನುಷ್ಯನೂ ಗುಣವಾದ ಎಂದು ಊರಿಗೆ ಬಂದರು.

ಬಂದು ಮಳೆಗಾಲ ಮುಗಿಯುವಷ್ಟರಲ್ಲಿ ಬೇನೆಯೆಲ್ಲ ಮರಳಿತು. ಒಂದು ಸಂಜೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿದರು. ಕರೆಯಬೇಕೆಂದು ಬಾಯಿ ತೆರೆದರು. ಹೆಸರು ಬರಲಿಲ್ಲ. ಹಾಗೆಯೇ ಹೊರಳಿ ಹೋದರು.

ಭಾಗೀರಥಿಬಾಯಿ ಒಲೆಯ ಮುಂದೆ ಕುಳಿತೇ ಇದ್ದರು. ರೊಟ್ಟಿ ಹೊತ್ತಿತು. ಹೀಗೆಯೇ ಒಂದೊಂದಾಗಿ ಎಲ್ಲ ಮರೆತರೆ, ಈ ಮನುಷ್ಯ ಎದುರಿಗಿದ್ದೂ ತನಗೆ ಇಲ್ಲದಂತಾಗುತ್ತಾನಲ್ಲ ಎಂದು ಹೆದರಿದರು. ಆಗಲೇ ಅವರಿಗೆ ಒಂದು ಮಾತು ಹೊಳೆಯಿತು. ಮುಂಬೈಯಲ್ಲಿ ಆರಾಮ, ಊರಿನಲ್ಲಿ ಬೇನೆ. ಹಾಗಾದರೆ ಊರಿನದೇ ಏನೋ ಅವರ ಹೊಟ್ಟೆಗೆ ಹೋಗುತ್ತಿದೆ. ಏನದು? ನೀರೇ ಇರಬೇಕು.

ಅದೇ ವಾರ ಹುಬ್ಬಳ್ಳಿಯಿಂದ ಡಾಕ್ಟರ್ ಲೀಲಾಬಾಯಿ ಬಂದರು. ನೀರಿನಲ್ಲಿ ಸೇರುವ ವಿಷದಿಂದ ಮೆದುಳಿಗೆ ಏನಾಗುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರು ಅವರು. ಸವದತ್ತಿ, ರಾಮದುರ್ಗದ ಕಡೆಯ ಬಾವಿಗಳನ್ನೆಲ್ಲ ನೋಡಿ, ಬಾಟಲಿಗಳ ಪೆಟ್ಟಿಗೆ ಹೊತ್ತು ಇಲ್ಲಿಗೆ ಬಂದಿದ್ದರು.

ಊರ ಬಾವಿಗೆ ಹೊಂದಿಕೊಂಡೇ ಇತ್ತು ದುರ್ಗಪ್ಪನ ಹತ್ತಿ ಹೊಲ. ಬಾಟಲಿ ಕಂಡ ಕೂಡಲೇ ದುರ್ಗಪ್ಪ ಓಡಿ ಬಂದ. “ಏನ್ ನೋಡಾಕ ಹತ್ತೀರಿ ಬಾಯಾರ?”

“ಹತ್ತಿ ಹುಳಕ್ಕ ಹೊಡಿಯೋ ಎಣ್ಣಿ ಬಾವಿಗೆ ಇಳದದೋ ಏನೋ ಅಂತ ನೋಡ್ಲಿಕ್ಕೆ ಬಂದೀನಿ.”

“ಇಳದಿದ್ರ?”

“ಇಳದಿದ್ರ ಹೇಳ್ತೀನಿ. ನಿಮ್ಮನ್ನ ಹಿಡಕೊಂಡು ಹೋಗ್ಲಿಕ್ಕೆ ಬಂದಿಲ್ಲ, ಹೆದರಬ್ಯಾಡ್ರಿ.”

“ಹೆದರಿಕಿ ಅಲ್ರಿ,” ಎಂದ ದುರ್ಗಪ್ಪ, ಬೆವರು ಒರೆಸಿಕೊಳ್ಳುತ್ತಾ. “ಬಿಸಲ ಭಾಳ ಐತಿ.”

“ಮೋಡ ಮುಚ್ಚೇತೋ ಮಾರಾಯಾ!” ಎಂದು ನೀರಿಗೆ ಬಂದಿದ್ದ ಯಲ್ಲವ್ವ ನಕ್ಕಳು.

ಭಾಗೀರಥಿಬಾಯಿ ತಾವೇ ಕೊಡ ತಂದು ಮನೆಯ ನೀರನ್ನೂ ಬಾಟಲಿಗೆ ಸುರಿದುಕೊಟ್ಟರು. ಊರೂರು ತಿರುಗಿ ಬಂದ ಹೆಣ್ಣುಮಗಳೆಂದು ಅವಲಕ್ಕಿ ಮೊಸರು ಕಲಸಿಕೊಟ್ಟು, ಗಂಡನ ಬೇನೆಯ ಕಥೆಯನ್ನೆಲ್ಲ ಹೇಳಿಕೊಂಡರು. ಮುಂಬೈಯ ಫೋಟೋವನ್ನೂ ತೋರಿಸಿದರು.

ಲೀಲಾಬಾಯಿ ಫೋಟೋ ನೋಡಿ, “ಗಡ್ಡಿ ಇಲ್ಲ ಖರೆ” ಎಂದರು. “ಆದ್ರ ಈ ಫೋಟೋ ಅಂದ್ರ ಮನಿ ಗ್ವಾಡಿ ಇದ್ದಂಗ ನೋಡ್ರಿ. ಗ್ವಾಡಿ ಬಿರುಕು ಬಿಟ್ಟಿಲ್ಲ. ಅಷ್ಟರಮ್ಯಾಲ ಒಳಗ ಹೊಗಿ ತುಂಬಿಲ್ಲ ಅನ್ನಲಿಕ್ಕೆ ಆಗ್ತದೇನು? ಕೆಲವು ವಿಷ ಫೋಟೋದಾಗ ಕಾಣಂಗಿಲ್ಲ. ರಕ್ತ ನೋಡಬೇಕು.”

ಕೃಷ್ಣಾಜಿಯವರನ್ನು ನೋಡಲು ಅವರು ಗುಡಿಗೆ ಹೋದರು. ಬಾಯಿ ತೆರೆಸಿ ನೋಡಿದರೆ, ವಸಡಿನ ಅಂಚಿನಲ್ಲಿ ನೀಲಿ ಗೆರೆ. ರಕ್ತ ತೆಗೆದುಕೊಂಡರು. ಹೊರಡುವಾಗ ಕೃಷ್ಣಾಜಿಯವರು ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು ತೀರ್ಥ ಹಾಕಿದರು. ಲೀಲಾಬಾಯಿ ಅಂಗೈಯನ್ನು ಬಾಯಿಗೆ ಒಯ್ಯುತ್ತಿದ್ದವರು ತಡೆದು ನಿಂತರು. ಅಂಗೈ ಗೆರೆಯಲ್ಲಿ ಕೆಂಪು ಕಣಗಳು ಕುಳಿತಿದ್ದವು. ದೇವರ ಮುಂದೆ ಕೈ ಝಾಡಿಸಲು ಅವರಿಗೆ ಮನಸ್ಸಾಗಲಿಲ್ಲ.

“ಆಚಾರ್ರ, ಈ ತೀರ್ಥ ಸ್ವಲ್ಪ ಬಾಟಲಿಯೊಳಗ ಒಯ್ಯಲೇನ್ರಿ?”

“ಒಯ್ರಿ, ಒಯ್ರಿ. ಮನ್ಯಾಗ ಎಲ್ಲಾರಿಗೂ ಕೊಡ್ರಿ!” ಎಂದು ಅವರು ಸಂತೋಷದಿಂದ ತುಂಬಿಕೊಟ್ಟರು.

ಲೀಲಾಬಾಯಿ ಫಲಿತಾಂಶ ಹಿಡಿದು ಮರಳಿ ಬಂದಾಗ ಪೂಜೆ ಆಗಷ್ಟೇ ಮುಗಿದಿತ್ತು. ದುರ್ಗಪ್ಪ ಬಾಗಿಲಲ್ಲೇ ಕೇಳಿದ: “ಬಾವಿ?”

“ಬಾವಿ ಛಲೋ ಅದ.”

“ನಾ ಅವತ್ತ ಹೇಳಲಿಲ್ಲ?” ಎಂದು ದುರ್ಗಪ್ಪ ಎದೆ ಸೆಟೆಸಿದ.

“ಹಂಗಂತ ಔಷಧದ ಪಂಪ್ ಬಾವಿ ಕಟ್ಟಿಮ್ಯಾಲ ತೊಳೀಬ್ಯಾಡ್ರಿ ಮತ್ತ. ಆಚಾರ್ರ, ನಿಮ್ಮ ರಕ್ತದಾಗ ಸೀಸ ಭಾಳ ಅದ. ತೀರ್ಥದ ಬಾಟಲಿಯೊಳಗೂ ಸೀಸನ ಸಿಕ್ಕದ.”

ಕೃಷ್ಣಾಜಿಯವರ ಮುಖ ಕೆಂಪಾಯಿತು. “ದೇವರ ತೀರ್ಥಕ್ಕ ವಿಷ ಅಂತೀರೇನು?”

“ತೀರ್ಥಕ್ಕ ಅನ್ನಲಿಲ್ರಿ. ದೇವರಿಗೆ ಬಳಿಯೋ ಸಿಂಧೂರಕ್ಕ ಅಂದೆ. ಪ್ಯಾಟ್ಯಾಗ ಸಿಗೋ ಈ ಕೆಂಪು ಸಿಂಧೂರ ಸೀಸದಿಂದ ಮಾಡಿದ್ದು. ಅದರ ಮ್ಯಾಲ ನೀರು, ಮೊಸರು ಹಾಕತೀರಿ. ಹುಳಿಗೆ ಸೀಸ ಇನ್ನೂ ಜಲ್ದಿ ಬಿಡ್ತದ. ಅದ ನೀರು ಬಟ್ಟಲಿಗೆ ಇಳೀತದ.”

ಎಲ್ಲರೂ ದುರ್ಗಪ್ಪನ ಕಡೆ ನೋಡಿದರು. ಮೊದಲು ಆ ಊರಲ್ಲಿ ವರ್ಷಕ್ಕೊಮ್ಮೆ ಮಾತ್ರ ಸಿಂಧೂರ ಬಳಿಯುತ್ತಿದ್ದರು. ಹೊಸ ತಳಿಯ ಹತ್ತಿ ಚೆನ್ನಾಗಿ ಬಂದ ವರ್ಷ ದುರ್ಗಪ್ಪ ಹರಕೆ ಹೊತ್ತು, ಪ್ರತಿ ಶನಿವಾರ ಸಿಂಧೂರದ ಪೊಟ್ಟಣ ತರಲು ಶುರುಮಾಡಿದ್ದ. ಈಗ ಅವನ ಎದೆ ಮತ್ತೆ ಕುಸಿಯಿತು.

“ಹಂಗಿದ್ರ ಊರ ಮಂದಿಗೆಲ್ಲ ಯಾಕ ಬ್ಯಾನಿ ಬರಲಿಲ್ಲ?” ಎಂದರು ಕೃಷ್ಣಾಜಿ. “ಎಲ್ಲಾರೂ ತೊಗೋತಾರ.”

“ಎಲ್ಲಾರೂ ಒಂದು ಉದ್ಧರಣಿ ತೊಗೋತಾರ. ಅಷ್ಟೂ ಬ್ಯಾಡ, ಎಳೀ ಮಕ್ಕಳಿಗಂತೂ ಬ್ಯಾಡವೇ ಬ್ಯಾಡ, ಅವರ ಮೆದುಳು ಇನ್ನೂ ಬೆಳೀಲಿಕ್ಕತ್ತಿರ್ತದ. ಆದ್ರ ಉಳದದ್ದು ಯಾರು ಕುಡೀತಾರ?”

ಉತ್ತರ ಭಾಗೀರಥಿಬಾಯಿಗೆ ಗೊತ್ತಿತ್ತು. ತೀರ್ಥವನ್ನು ತುಳಿಯುವ ನೆಲಕ್ಕೆ ಚೆಲ್ಲಬಾರದೆಂದು, ಮಿಕ್ಕಿದ್ದನ್ನೆಲ್ಲ ಕೃಷ್ಣಾಜಿಯವರು ಬಟ್ಟಲೆತ್ತಿ, ತಳದ ತನಕ ಕುಡಿಯುತ್ತಿದ್ದರು. ತಪ್ಪದೆ, ಭಕ್ತಿಯಿಂದ, ದಿನಾಲೂ. ಮುಂಬೈಯಲ್ಲಿ ಈ ಬಟ್ಟಲು ಇರಲಿಲ್ಲ.

ಭಾಗೀರಥಿಬಾಯಿ ಎದ್ದು ಹೋಗಿ, ಕಟ್ಟೆಯ ಮೇಲೆ ಅಷ್ಟು ಹೊತ್ತು ಅಲುಗದೆ ಕೂತಿದ್ದ ಬಟ್ಟಲನ್ನು ನೋಡಿದರು. ಮೇಲೆ ನೀರು ತಿಳಿಯಾಗಿತ್ತು. ಮೆಲ್ಲಗೆ ಓರೆ ಮಾಡಿದರೆ, ತಳದಲ್ಲಿ ಕೆಂಪು ಕೆಸರು ಜಾರಿತು.

“ಇಲ್ಲೆ ನೋಡ್ರಿ,” ಎಂದು ಗಂಡನಿಗೆ ತೋರಿಸಿದರು.

“ನೋಡೀನಿ. ಇಷ್ಟು ವರ್ಷ ಒಂದು ಹನಿ ಕೆಳಗ ಬಿಟ್ಟಿಲ್ಲ. ಇನ್ನೂ ಬಿಡಂಗಿಲ್ಲ. ಕೊಡು ಇಲ್ಲೆ.”

“ನೀವು ಕುಡಿಯೋದು ಬ್ಯಾಡ. ಚೆಲ್ಲೋದೂ ಬ್ಯಾಡ ಅಂದ್ರ ನಾ ಕುಡೀತೀನಿ.” ಭಾಗೀರಥಿಬಾಯಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರು. “ಇಷ್ಟು ದಿನ ನೀವು ಕುಡದೀರಿ. ಇವತ್ತಿನಿಂದ ನನ್ನ ಪಾಳಿ. ನೀವು ನನ್ನ ಮರೀಲಿಕ್ಕತ್ತೀರಿ. ನಾನೂ ನಿಮ್ಮನ್ನ ಮರತ್ರ ಲೆಕ್ಕ ಸರಿಹೋಗ್ತದ.”

ಯಾರಿಗೂ ಅವರ ಬಾಯಿಂದ ಇಂಥ ಮಾತು ಕೇಳಿ ಗೊತ್ತಿರಲಿಲ್ಲ. ಬಟ್ಟಲು ತುಟಿಗೆ ಹೋಯಿತು.

“ಏ, ಬ್ಯಾಡ! ಚೆಲ್ಲು! ಚೆಲ್ಲು ಅದನ್ನ!”

ಕೃಷ್ಣಾಜಿಯವರು ಎರಡೂ ಕೈ ಚಾಚಿ ಬಟ್ಟಲು ತಳ್ಳಿದರು. ನೀರೆಲ್ಲ ಹೆಂಡತಿಯ ಸೆರಗಿನ ಮೇಲೆ, ತಮ್ಮ ಧೋತರದ ಮೇಲೆ ಚೆಲ್ಲಿತು. ಇಬ್ಬರೂ ಒದ್ದೆಯಾಗಿ ನಿಂತರು. ಆಮೇಲೆ ಯಲ್ಲವ್ವ ಸಣ್ಣ ದನಿಯಲ್ಲಿ, “ನೆಲಕ್ಕೇನೂ ಬಿದ್ದಿಲ್ಲ ಬಿಡ್ರಿ ಆಚಾರ್ರ, ಎಲ್ಲಾ ನಿಮ್ಮ ಮೈಮ್ಯಾಲ ಐತಿ” ಎಂದಳು. ಕೃಷ್ಣಾಜಿಯವರಿಗೆ ಮೊದಲು ನಗು ಬಂತು, ಹಿಂದೆಯೇ ಕಣ್ಣೀರು ಬಂತು.

“ಡಾಕ್ಟರಬಾಯಾರ,” ಎಂದರು, “ಮಾರುತಿಯನ್ನ ಬಿಟ್ಟು ನಾ ಇರಲಾರೆ. ದಾರಿ ಹೇಳ್ರಿ.”

ದಾರಿ ಅಲ್ಲಿಯೇ ಕೂತು ಹುಡುಕಿದರು. ಲೀಲಾಬಾಯಿ ವಿಷದ ಸಂಗತಿ ಹೇಳಿದರು, ಪೂಜೆಯ ಸಂಗತಿ ಕೃಷ್ಣಾಜಿಯವರು ಹೇಳಿದರು. ಮಾರುತಿಯ ಪುಟ್ಟ ಹಿತ್ತಾಳೆ ಮೂರ್ತಿಯೊಂದು ಪೆಟ್ಟಿಗೆಯಲ್ಲಿತ್ತು. ತೀರ್ಥದ ಅಭಿಷೇಕ ಇನ್ನು ಅದಕ್ಕೆ, ಬೇರೆ ತಟ್ಟೆಯಲ್ಲಿ, ಬರಿಯ ನೀರಿನಿಂದ. ಸಿಂಧೂರ ಹಚ್ಚಿದ ಕಲ್ಲಿನ ಮೂರ್ತಿಗೆ ಕೈಮುಗಿಯುವುದು, ಹೂ ಏರಿಸುವುದು. ಅದರ ಮೇಲಿನ ನೀರು ಯಾರ ಬಾಯಿಗೂ ಹೋಗಬಾರದು. ಅದು ಬಾವಿಯಿಂದ ದೂರ, ಯಾರೂ ತುಳಿಯದ ಜಾಗದಲ್ಲಿ ತೋಡಿದ ಕುಣಿಗೆ ಹೋಗಬೇಕು. ಕುಣಿ ತೋಡುತ್ತೇನೆಂದು ದುರ್ಗಪ್ಪ ಆಗಲೇ ಸಲಿಕೆ ತರಲು ಓಡಿದ್ದ.

ಕೃಷ್ಣಾಜಿಯವರು ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಔಷಧ ಮಾಡಿಸಿಕೊಂಡು ಬಂದರು. ಸೀಸ ಒಮ್ಮೆಲೇ ಇಳಿಯುವುದಿಲ್ಲ. ಹೊಟ್ಟೆನೋವು ಮೊದಲು ಹೋಯಿತು, ಕೈ ನಿಧಾನವಾಗಿ ಎದ್ದಿತು. ಮರೆವು ಪೂರ್ತಿ ಹೋಗಿಲ್ಲ. ಆದರೆ ಮುಂದಕ್ಕೆ ಬೆಳೆಯಲಿಲ್ಲ. ಮಂತ್ರ ಎಲ್ಲಾದರೂ ತಡವರಿಸಿದರೆ ಕಂಬದ ಹತ್ತಿರದಿಂದ ಭಾಗೀರಥಿಬಾಯಿ ಮೊದಲ ಅಕ್ಷರ ಎತ್ತಿಕೊಡುತ್ತಾರೆ.

ಕುಣಿ ತೋಡಿಕೊಟ್ಟ ದುರ್ಗಪ್ಪ ಮಾತ್ರ ಆಮೇಲೆ ಬಹಳ ದಿನ ಗುಡಿಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಕೃಷ್ಣಾಜಿಯವರೇ ಅವನ ಮನೆಗೆ ನಡೆದು ಹೋದರು.

“ಯಾಕೋ ದುರ್ಗಪ್ಪಾ, ಮಾರುತಿ ಮ್ಯಾಲ ಸಿಟ್ಟೇನು?”

“ನಿಮ್ಮನ್ನ ನಾನ ಕೊಲ್ಲಾಕ ಹೋಗಿದ್ನೆಲ್ರಿ ಆಚಾರ್ರ.”

“ಹುಚ್ಚಪ್ಪಾ! ನೀ ಭಕ್ತಿಯಿಂದ ತಂದಿ, ನಾ ಭಕ್ತಿಯಿಂದ ಕುಡದೆ. ಇಬ್ಬರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗ್ಯದ, ಬಾ. ಶನಿವಾರ ಒಂದು ಹಿಡಿ ತುಳಸಿ ತಾ, ಸಾಕು.”

ದುರ್ಗಪ್ಪ ಒಂದು ಹಿಡಿ ತರಲಿಲ್ಲ. ಒಂದು ಬುಟ್ಟಿ ತಂದ. ಅದರ ಜೊತೆಗೆ ಅಕ್ಕಪಕ್ಕದ ಹಳ್ಳಿಗಳ ಪೂಜಾರಿಗಳನ್ನೂ ಕರೆತಂದು ಕೂರಿಸಿದ. ಕೃಷ್ಣಾಜಿಯವರು ಅವರಿಗೆಲ್ಲ ತಮ್ಮ ಕಥೆ ಹೇಳಿದರು. ಎಲ್ಲಿಯೂ ಮರೆಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮಡಿಚಿ ಇಡುವ ಮೊದಲು ನಿಮ್ಮ ಮನೆಯಲ್ಲಿ ಒಂದು ಸುತ್ತು ನೋಡಿ ಬನ್ನಿ. ನೀವು ಕುಡಿಯುವ ನೀರು ಬಾವಿಯಿಂದ ಬಾಯಿಗೆ ಬರುವ ಹಾದಿಯಲ್ಲಿ ಏನೇನು ಮುಟ್ಟಿ ಬರುತ್ತದೆ? ಬಣ್ಣದ ಹಳೆ ಡಬ್ಬಿಯೇ, ಹೊಲದ ಔಷಧದ ಡಬ್ಬಿಯೇ, ಸಿಂಧೂರ ಕಲಸಿದ ಬಟ್ಟಲೇ? ಅಂಥದನ್ನು ನೀರಿನ ಹತ್ತಿರ ಸುಳಿಯಗೊಡಬೇಡಿ. ಕುದಿಸಿದರೆ ನೀರಿನ ಹುಳಗಳು ಸಾಯುತ್ತವೆ, ಸೀಸ ಸಾಯುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಹಿಂಡಿದಂತಾಗಿ ಮರೆವು ಸಿಟ್ಟು ಹೆಚ್ಚಿದರೆ, ಕೈ ಸೋತರೆ, ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಲೆಯ ಫೋಟೋ ಚೆನ್ನಾಗಿದ್ದರೂ ರಕ್ತದ ತಪಾಸಣೆ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಡಾಕ್ಟರು ಹೇಳುವ ಎರಡನೆಯ ಮಾತನ್ನೂ ಕೇಳಿಸಿಕೊಂಡು, ಆಮೇಲೆ ಪೇಢೆ ಹಂಚಿ.